ಮೊಬೈಲಿನೊಳಗಿನ ದೂತಿ



ಕಳೆದ ತಿಂಗಳು ಖಾನಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ಇಬ್ಬರು ಹೆಣ್ಣುಮಕ್ಕಳ ತಂದೆ. ಕುಶಲೋಪರಿ ಮುಗಿಯುತ್ತಲೇ, "ಸರ, ಈ ಮೊಬೈಲಿನ್ಯಾಗ ಲವ್ ಕಾಮಿಡಿ ಅಂತ ಏನೇನೋ ಬರಾಕತ್ತಾವ್ರಿ. ನೋಡಿ ನೋಡಿ ಹುಡುಗೂರು ಕೆಟ್ಟು ಹೊಂಟಾರ. ನೀವು ಅದರ ವಿರುದ್ಧ ಒಂದು ಲೇಖನ ಬರೀರಿ" ಎಂದು ಆಗ್ರಹ ಮಾಡಿದ. ಬರೆಯುತ್ತೇನೆ ಎಂದೆ. ಆದರೆ ನೋಡದೆ ಬರೆಯುವುದು ಮಾಸ್ತರಿಕೆಗೆ ಒಪ್ಪುವ ಕೆಲಸವಲ್ಲ. ಆದ್ದರಿಂದ ಹದಿನೈದು ದಿನ ಸಂಜೆಯ ಹೊತ್ತು ವ್ಯಾಕ್ಸಿನ್ ಡಿಪೋದ ತಿರುಗಾಟ ಮುಗಿಸಿ ಬಂದು, ಮೊಮ್ಮಗಳ ಸಹಾಯದಿಂದ ಅವುಗಳನ್ನು ಶಿಸ್ತಾಗಿ ನೋಡಿದೆ. ಅವನು ಕೇಳಿದ ಲೇಖನ ಇದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಏನಿವು? ಹತ್ತು-ಹದಿನೈದು ನಿಮಿಷದ ಕಂತುಗಳು. ಒಂದು ಮೊಬೈಲು, ಅಂಗಿಗೆ ಸಿಕ್ಕಿಸುವ ಒಂದು ಮೈಕು, ಗೆಳೆಯನ ಗಾಡಿ, ಅತ್ತಿಗೆಯ ಸೀರೆ, ಹೊಲದ ಬದು, ಊರ ಬಸ್ ನಿಲ್ದಾಣ. ಇಷ್ಟೇ ಬಂಡವಾಳ. ಪ್ರೀತಿಸಹೊರಟ ಹುಡುಗ ಹೇಗೆ ಪೆಟ್ಟು ತಿಂದ, ಒಬ್ಬಳಿಗೆ ಕಳಿಸಬೇಕಾದ ಸಂದೇಶ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹೋಗಿ ಏನಾಯಿತು, ಕನ್ಯಾ ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಬಂದವಳು ಹಳೆಯ ಗೆಳತಿಯೇ ಆಗಿದ್ದರೆ ಗತಿಯೇನು, ಇವೇ ಕಥೆಗಳು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಅದರಲ್ಲಿ ಕುಣಿಯುತ್ತಿದ್ದ ಹುಡುಗರೆಲ್ಲ ಯೂಟ್ಯೂಬಿಗೂ ಇನ್‌ಸ್ಟಾಗ್ರಾಮಿಗೂ ಬಂದರು. ಮಲ್ಲು ಜಮಖಂಡಿ, ಶಿವಪುತ್ರ ಯಶಾರಧಾ ಮುಂತಾದವರ ಹೆಸರು ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದು ಸಿನಿಮಾ ನಟರ ಹೆಸರಿನಷ್ಟೇ ಪರಿಚಿತ. ನಮ್ಮದೇ ಜಿಲ್ಲೆಯ ರಾಯಬಾಗ ತಾಲೂಕಿನ ನಿಪನಾಳದ ಹುಡುಗನೊಬ್ಬ ಹಾಡಿದ 'ನಾ ಡ್ರೈವರ' ಎಂಬ ಪ್ರೇಮಗೀತೆ ಬೆಂಗಳೂರಿನ ಮದುವೆ ಮಂಟಪಗಳವರೆಗೂ ಹೋಗಿ ಮುಟ್ಟಿತು.

ಈ ಹುಡುಗರು ಮಾಡಿದ ಒಂದು ಉಪಕಾರವನ್ನು ಮೊದಲು ಹೇಳಬೇಕು. ಬಹುಕಾಲ ಕನ್ನಡ ಚಿತ್ರರಂಗದಲ್ಲಿ ನಮ್ಮ ಭಾಷೆಗೆ ಇದ್ದ ಸ್ಥಾನ ಯಾವುದೆಂಬುದು ನಿಮಗೆ ಗೊತ್ತು. ನಾಯಕ ಮೈಸೂರಿನ ಕನ್ನಡದಲ್ಲಿ ಪ್ರೇಮ ನಿವೇದನೆ ಮಾಡುತ್ತಾನೆ. "ಹೌದ್ರಿಯಪಾ" ಎನ್ನುವವನು ಕಂಪೌಂಡರನೋ ಪೋಲೀಸ್ ಪೇದೆಯೋ ಆಗಿ ಬಂದು ನಗಿಸಿ ಹೋಗುತ್ತಾನೆ. ನಮ್ಮ ಮಾತು ನಗಿಸಲಿಕ್ಕೆ ಮಾತ್ರ, ಪ್ರೀತಿಸಲಿಕ್ಕಲ್ಲ! ಈ ಅಗ್ಗದ ಕಂತುಗಳಲ್ಲಿ ಹುಡುಗನೂ ಹುಡುಗಿಯೂ ಅವರ ಅಪ್ಪ-ಅವ್ವಂದಿರೂ ಎಲ್ಲರೂ ಅದೇ ಮಾತು ಆಡುತ್ತಾರೆ. "ನೀ ಇಲ್ದ ಹೆಂಗ ಇರ್ಲಿ" ಎಂದು ಹುಡುಗಿ ಕೇಳಿದರೆ ಯಾರೂ ನಗುವುದಿಲ್ಲ. ನಗು ಆ ಮಾತು ಆಡಿದ ಧಾಟಿಗಲ್ಲ, ಅದನ್ನು ಹಿಂದೆ ನಿಂತು ಅವಳ ಕಾಕಾ ಕೇಳಿಸಿಕೊಂಡನಲ್ಲ, ಅದಕ್ಕೆ. ಇದು ಸಣ್ಣ ಬದಲಾವಣೆಯಲ್ಲ.

ಇನ್ನು, ಪ್ರೀತಿಯನ್ನು ಹಾಸ್ಯ ಮಾಡುವುದು ಮೊಬೈಲಿನ ಜೊತೆಗೆ ಬಂದ ರೋಗವೆಂದು ತಿಳಿದವರು ದಯವಿಟ್ಟು ಒಮ್ಮೆ ಗೋಕಾಕ ಸೀಮೆಯ ಕಡೆಗೆ ನೋಡಬೇಕು. ಕುಲಗೋಡ ತಮ್ಮಣ್ಣ ರೂಪಿಸಿದ ಶ್ರೀಕೃಷ್ಣ ಪಾರಿಜಾತ ನಮ್ಮ ಬೆಳಗಾವಿ ಜಿಲ್ಲೆಯ ಮಣ್ಣಿನಲ್ಲಿ ಬೆಳೆದ ಆಟ. ಕಥೆ ಏನು? ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಅಷ್ಟೇ. ಆ ಒಂದು ಹೂವಿನ ಮೇಲೆ ಇಡೀ ರಾತ್ರಿ ಬೆಳಗಾಗುತ್ತದೆ. ಹದಿನಾರು ಸಾವಿರ ಹೆಂಡಿರ ದೇವರು ಒಬ್ಬ ಹೆಂಡತಿಯ ಬಾಗಿಲ ಮುಂದೆ ನಿಂತು ಬೈಸಿಕೊಳ್ಳುತ್ತಾನೆ. ನಡುವೆ ಓಡಾಡುವ ದೂತಿ ಇಬ್ಬರನ್ನೂ ಚುಚ್ಚುತ್ತಾಳೆ, ಭಾಗವತ ಆಕೆಯನ್ನು ಕೆಣಕುತ್ತಾನೆ, ಮುಂದೆ ಚಾಪೆ ಹಾಸಿಕೊಂಡು ಕುಳಿತ ಮುದುಕಿಯರು ಸೆರಗು ಬಾಯಿಗೆ ಒತ್ತಿ ನಗುತ್ತಾರೆ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಈ ಆಟದಿಂದಲೇ ನಾಡಿಗೆಲ್ಲ ಹೆಸರಾದರು. ನಮ್ಮ ಅಜ್ಜಿಯರು ಭಕ್ತಿಯಿಂದ ನೋಡಿದ್ದು ಗಂಡ-ಹೆಂಡಿರ ಜಗಳದ ಪ್ರಹಸನವನ್ನೇ. ಅವರು ಕೆಟ್ಟರೆ?

ಬೈಲಹೊಂಗಲದ ಸಂಗ್ಯಾ-ಬಾಳ್ಯಾ ಇನ್ನೂ ಹತ್ತಿರದ್ದು. ಅದು ಪುರಾಣವಲ್ಲ; ಅಲ್ಲಿಯೇ ನಡೆದದ್ದೆಂದು ಜನ ನಂಬಿದ ಘಟನೆ. ಪರರ ಹೆಂಡತಿ ಗಂಗಿಗೆ ಮನಸೋತ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಸುದ್ದಿ ಒಯ್ಯುವ ಮುದುಕಿ. ಅರ್ಧ ಆಟದವರೆಗೆ ನಗೆಯೋ ನಗೆ, ಕೊನೆಗೆ ಕೊಲೆ. ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಈ ಸಣ್ಣಾಟವನ್ನು ಓದುವ ಕನ್ನಡಿಗರಿಗೂ ಪರಿಚಯಿಸಿದರು. ನಗೆಯಿಂದ ಆರಂಭವಾಗಿ ಕೊಲೆಯಲ್ಲಿ ಮುಗಿಯುವ ಈ ಕಥೆಯ ಆಕಾರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬರಹದಲ್ಲಿಯೂ ಅಷ್ಟೇ. ನಾನು ತರಗತಿಯಲ್ಲಿ ಮುದ್ದಣ-ಮನೋರಮೆಯರ ಸಲ್ಲಾಪವನ್ನು ಓದಿಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಂದಳಿಕೆ ಲಕ್ಷ್ಮೀನಾರಣಪ್ಪ ಬದುಕಿದ್ದು ಮೂವತ್ತೊಂದೇ ವರ್ಷ, 1870ರಿಂದ 1901ರವರೆಗೆ. ಬಡತನ, ಕಾಯಿಲೆ. ಆದರೂ ಶ್ರೀರಾಮಾಶ್ವಮೇಧದ ನಡುನಡುವೆ ಹೆಂಡತಿ ಗಂಡನ ಪಾಂಡಿತ್ಯವನ್ನು ಹಾಸ್ಯ ಮಾಡುವ ಆ ಭಾಗಗಳೇ ಇಂದು ಉಳಿದುಕೊಂಡಿವೆ. ಅಶ್ವಮೇಧದ ಕುದುರೆ ಎಲ್ಲಿಗೆ ಹೋಯಿತೆಂದು ಕೇಳಿದರೆ ಯಾರಿಗೂ ನೆನಪಿಲ್ಲ. 1942ರಲ್ಲಿ ರಾ.ಶಿ.ಯವರು ಆರಂಭಿಸಿದ ಕೊರವಂಜಿ ಇಪ್ಪತ್ತೈದು ವರ್ಷ ನಡೆದದ್ದು, ಹುಬ್ಬಳ್ಳಿಯ ಕಸ್ತೂರಿಯಲ್ಲಿ ಪಾ.ವೆಂ. ಆಚಾರ್ಯರು ಲಾಂಗೂಲಾಚಾರ್ಯರಾಗಿ ಬರೆದದ್ದು, ಎಲ್ಲದರಲ್ಲಿಯೂ ವಧೂಪರೀಕ್ಷೆ, ಪ್ರೇಮಪತ್ರಗಳ ಅಣಕ ಇದ್ದೇ ಇತ್ತು.

ಇರಲಿ, ವಿಷಯಕ್ಕೆ ಬರೋಣ.

ವೆಬ್ ಸರಣಿ ಎಂಬ ಹೆಸರಿನಲ್ಲಿ ಪಟ್ಟಣದವರು ಮಾಡಿದವುಗಳನ್ನೂ ಮೊಮ್ಮಗಳು ತೋರಿಸಿದಳು. ಹಿಂದಿಯಲ್ಲಿ 2014ರಲ್ಲಿ ಬಂದ 'ಪರ್ಮನೆಂಟ್ ರೂಮ್‌ಮೇಟ್ಸ್' ಈ ದಾರಿಯ ಮೊದಲಿಗರಲ್ಲಿ ಒಂದು. ಅಮೆರಿಕೆಯಿಂದ ಏಕಾಏಕಿ ಬಂದಿಳಿದು ಮದುವೆಯಾಗೆನ್ನುವ ಹುಡುಗ, ಮದುವೆ ಎಂದರೆ ಹೆದರುವ ಹುಡುಗಿ. ಕನ್ನಡದಲ್ಲಿ ಸುನಿಲ್ ರಾವ್ ಅಭಿನಯದ 'ಲೂಸ್ ಕನೆಕ್ಷನ್' ಮೊದಲ ಪ್ರಯತ್ನಗಳಲ್ಲಿ ಒಂದು. 2022ರಲ್ಲಿ ವೂಟ್‌ನಲ್ಲಿ 'ಹನಿಮೂನ್' ಬಂತು. ನಾಗಭೂಷಣ ಮತ್ತು ಸಂಜನಾ ಆನಂದ್ ಅದರಲ್ಲಿ ಹಿರಿಯರು ನೋಡಿ ಮಾಡಿದ ಮದುವೆಯ ಗಂಡ-ಹೆಂಡಿರು. ಒಬ್ಬರಿಗೊಬ್ಬರು ಸರಿಯಾಗಿ ಪರಿಚಯವಿಲ್ಲದೆ ಕೇರಳಕ್ಕೆ ಮಧುಚಂದ್ರಕ್ಕೆ ಹೋಗುತ್ತಾರೆ. ಅದನ್ನು ನೋಡಿ ನನ್ನ ಶ್ರೀಮತಿಯವರು ನಕ್ಕಷ್ಟು ನಾನು ನಗಲಿಲ್ಲ. ಕಾರಣ ಕೇಳಲು ಧೈರ್ಯ ಸಾಲಲಿಲ್ಲ! ಆ ವೂಟ್ ಎಂಬುದೇ ಈಗಿಲ್ಲ. 2023ರಲ್ಲಿ ಜಿಯೋ ಸಿನಿಮಾದೊಳಗೆ ಸೇರಿತು, ಅದೂ 2025ರ ಫೆಬ್ರುವರಿಯಲ್ಲಿ ಜಿಯೋ ಹಾಟ್‌ಸ್ಟಾರ್ ಆಯಿತು. ನಾಟಕ ಕಂಪನಿಯ ತಂಬು ಕಿತ್ತುಕೊಂಡು ಹೋದ ಮೇಲೆ ಮೈದಾನದಲ್ಲಿ ಗೂಟದ ಕುಳಿಗಳಷ್ಟೇ ಉಳಿಯುತ್ತಿದ್ದವಲ್ಲ, ಹಾಗೆ. ಕನ್ನಡದ ಸರಣಿಗಳನ್ನು ಕೊಳ್ಳುವವರಿಲ್ಲ ಎಂಬ ದೂರೂ ಸುಳ್ಳಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ಕರಾವಳಿಯ 'ಏಕಂ' ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದೆ ಹೋಗಿ, 2024ರಲ್ಲಿ ಅವರೇ ಸ್ವಂತ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು.

ನಮ್ಮ ನೆರೆಯ ಮರಾಠಿಯವರ ಸ್ಥಿತಿ ಇದಕ್ಕಿಂತ ಮೇಲು. ಭಾಡಿಪಾ ಎಂಬ ಅವರ ವಾಹಿನಿಯಲ್ಲಿ ತಾಯಿ-ಮಗಳು ಮದುವೆಯ ವಿಷಯಕ್ಕೆ ಕಿತ್ತಾಡುವುದನ್ನು ನಮ್ಮ ತಿಳಕವಾಡಿಯ ಮನೆಮನೆಯಲ್ಲೂ ನೋಡುತ್ತಾರೆ. ಸಾತಾರಾ ಕಡೆಯ ಹಳ್ಳಿಯ ಹುಡುಗರು ಮಾಡಿದ 'ಗಾವಾಕಡಚ್ಯಾ ಗೋಷ್ಟಿ' ಇನ್ನೂ ಚೆಂದ. ಅಲ್ಲಿ ನಟರೆಂಬ ನಟರಿಲ್ಲ, ಹಳ್ಳಿಯವರೇ. ಖರ್ಚು ಕಡಿಮೆ, ಕಣ್ಣು ಚುರುಕು.

ಪಟ್ಟಣದ ಸರಣಿಗಳಲ್ಲಿ ಈಗಿನ ಮುಖ್ಯ ಹಾಸ್ಯವಸ್ತು ಡೇಟಿಂಗ್ ಆ್ಯಪ್. 2012ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಟಿಂಡರ್ ಅದರ ಮೂಲಪುರುಷ. ಫೋಟೋ ಬರುತ್ತದೆ, ಮೆಚ್ಚಿದರೆ ಬಲಕ್ಕೆ ಸರಿಸಬೇಕು, ಇಲ್ಲದಿದ್ದರೆ ಎಡಕ್ಕೆ. ಇಬ್ಬರೂ ಬಲಕ್ಕೆ ಸರಿಸಿದರೆ ಮಾತು ಆರಂಭ. ನನಗೆ ಇದನ್ನು ನೋಡಿ ನೆನಪಾದದ್ದು ಪಾರಿಜಾತದ ದೂತಿ. ಆದರೆ ಒಂದು ವ್ಯತ್ಯಾಸವಿದೆ. ಆ ದೂತಿಗೆ ಮುಖವಿತ್ತು, ನಾಲಿಗೆಯಿತ್ತು. ಕೃಷ್ಣನ ಮುಂದೆ ನಿಂತು "ನಿನ್ನ ತಪ್ಪು" ಎಂದು ಹೇಳುವ ಎದೆಗಾರಿಕೆ ಇತ್ತು. ಕನ್ಯಾ-ವರ ಗೊತ್ತು ಮಾಡುತ್ತಿದ್ದ ನಮ್ಮ ಊರ ಕಾಕಾಗಳೂ ಹಾಗೆಯೇ: ಹುಡುಗ ಎಲೆಅಡಿಕೆಗಿಂತ ಹೆಚ್ಚಿನದೇನಾದರೂ ಬಾಯಿಗೆ ಹಾಕುತ್ತಾನೆಯೇ ಎಂಬುದನ್ನು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ವಿಚಾರಿಸಿಕೊಂಡು ಬರುತ್ತಿದ್ದರು. ಮೊಬೈಲಿನೊಳಗಿನ ದೂತಿಗೆ ಮುಖವಿಲ್ಲ, ಹೊಣೆಯಿಲ್ಲ. ಮುನಿಸಾದರೆ ತಿಳಿಹೇಳುವುದಿಲ್ಲ, ಇನ್ನೊಂದು ಫೋಟೋ ತೋರಿಸುತ್ತಾಳೆ. ಪಟ್ಟಣದ ಹುಡುಗರು ಇದನ್ನು ಹಾಸ್ಯ ಮಾಡಿದರೆ ನಾನು ಅವರ ಕಡೆಗೇ. ಮಾಡಬೇಕಾದದ್ದೇ.

ನಮ್ಮ ಕಡೆಯ ಕಂತುಗಳಲ್ಲಿ ನನಗೆ ಒಪ್ಪಿಗೆಯಾಗದ್ದು ಬೇರೆಯೇ ಇದೆ. ಹೆಸರು ಹೇಳುವುದು ಬೇಡ; ಹತ್ತು ನೋಡಿದರೆ ಆರರಲ್ಲಿ ಒಂದೇ ಹುಡುಗಿ. ರೀಚಾರ್ಜ್ ಮಾಡಿಸು ಎನ್ನುವವಳು, ಪಾನಿಪುರಿ ಕೊಡಿಸು ಎನ್ನುವವಳು, ಸರ್ಕಾರಿ ನೌಕರಿಯ ವರ ಸಿಕ್ಕೊಡನೆ ಕೈಕೊಡುವವಳು. ಹುಡುಗ ಪಾಪದವನು, ಕೊನೆಗೆ ಗೆಳೆಯರ ನಡುವೆ ಕುಳಿತು ಕಣ್ಣೀರು ಹಾಕುತ್ತಾನೆ. ಕೆಳಗೆ ನೂರಾರು ಹುಡುಗರು ಶಾಪ ಹಾಕಿ ಬರೆಯುತ್ತಾರೆ. ಸತ್ಯಭಾಮೆ ಮುನಿದಾಗ ನಾವು ನಕ್ಕದ್ದು ಕೃಷ್ಣನ ಪಾಡನ್ನು ನೋಡಿ. ಇಲ್ಲಿ ನಗೆ ತಿರುಗಿ ನಿಂತಿದೆ, ಬಲವಿಲ್ಲದವಳ ಕಡೆಗೆ. ಹುಡುಗಿಗೆ ನೌಕರಿಯವನೇ ಏಕೆ ಬೇಕು, ಹೊಲದ ಮನೆಗೆ ಹೋದರೆ ಅವಳ ದಿನ ಎಷ್ಟು ಗಂಟೆಗೆ ಆರಂಭವಾಗುತ್ತದೆ, ಅದನ್ನು ಯಾವ ಕಂತೂ ಕೇಳುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಅವಿವಾಹಿತ ರೈತ ಯುವಕರು ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ನಗುತ್ತ ಬರೆದವು. ನಗೆಯ ವಸ್ತುವೇ ಸರಿ. ಆದರೆ ಹೆಣ್ಣು ಭ್ರೂಣಗಳನ್ನು ತೆಗೆಸಿದ ತಲೆಮಾರಿನವರು ಈಗ ಸೊಸೆ ಸಿಗುತ್ತಿಲ್ಲವೆಂದು ದೇವರಿಗೆ ಹರಕೆ ಹೊರುವ ಪ್ರಹಸನವನ್ನು ಬರೆಯಬಲ್ಲ ಹುಡುಗನಿಗಾಗಿ ನಾನು ಕಾಯುತ್ತಿದ್ದೇನೆ.

ಈಗ ಫೋನ್ ಮಾಡಿದ ಶಿಷ್ಯನ ಮಾತಿಗೆ ಬರುತ್ತೇನೆ. ಹುಡುಗರು ಕೆಡುವುದು ಈ ವಿಡಿಯೋಗಳಿಂದಲೇ? ನಮ್ಮ ಜಿಲ್ಲೆಯಲ್ಲಿಯೇ ನಡೆದವುಗಳನ್ನು ಒಂದೊಂದಾಗಿ ನೋಡೋಣ.

2021ರ ಫೆಬ್ರುವರಿ 8ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಮೂಲ ನಮ್ಮ ಸವದತ್ತಿ ತಾಲೂಕಿನ ಮುರಗೋಡ ಪೋಲೀಸ್ ಠಾಣೆ. ವಯಸ್ಕಳಾದ, ಸ್ನಾತಕೋತ್ತರ ಪದವಿ ಪಡೆದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು ತಾನೇ ಆರಿಸಿಕೊಂಡ ಪ್ರಾಧ್ಯಾಪಕನನ್ನು ಮದುವೆಯಾದಳು. ಮನೆಯವರು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಮದುವೆಯ ದಾಖಲೆ ಕಳಿಸಿದರೂ ತನಿಖಾಧಿಕಾರಿ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಪಟ್ಟು ಹಿಡಿದರು. ನ್ಯಾಯಮೂರ್ತಿಗಳು ಆ ಪ್ರಕರಣವನ್ನೇ ರದ್ದು ಮಾಡಿ, ಅಧಿಕಾರಿಗೆ ತಿಳುವಳಿಕೆ ನೀಡಬೇಕೆಂದರು. ಇಂಥ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕೆಂದು ಪೋಲೀಸರಿಗೆ ಎಂಟು ವಾರದಲ್ಲಿ ಮಾರ್ಗಸೂಚಿ ಮಾಡಬೇಕೆಂದರು. ಓದಿದ ಯುವಕ-ಯುವತಿಯರು ತಾವೇ ಸಂಗಾತಿಯನ್ನು ಆರಿಸಿಕೊಳ್ಳುವ ಕಾಲ ಬಂದಿದೆಯೆಂದು ಹೇಳಿ, ಅಂಬೇಡ್ಕರರ 'ಜಾತಿ ವಿನಾಶ'ವನ್ನೂ ನೆನಪಿಸಿದರು. ಕಾನೂನು ಇಷ್ಟು ಸ್ಪಷ್ಟ. ಅದು ದೆಹಲಿಯಿಂದ ಮುರಗೋಡಕ್ಕೆ ನಡೆದು ಬರುವಷ್ಟರಲ್ಲಿ ಏನೇನಾಯಿತು?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಖಾನಾಪುರದ ಬಳಿ ರೈಲು ಹಳಿಯ ಮೇಲೆ ಒಬ್ಬ ಯುವಕನ ಶವ ಸಿಕ್ಕಿತು. ಬೇರೆ ಧರ್ಮದ ಹುಡುಗಿಯೊಡನೆ ಇದ್ದ ಪ್ರೀತಿಯೇ ಕೊಲೆಗೆ ಕಾರಣವೆಂದು ಹೇಳಿದ ಪೋಲೀಸರು ಹತ್ತು ಜನರನ್ನು ಬಂಧಿಸಿದರು.

2023ರ ಡಿಸೆಂಬರ್. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ಹುಡುಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟ. ಹುಡುಗಿಯ ಕಡೆಯವರು ನಡುರಾತ್ರಿ ಹುಡುಗನ ತಾಯಿಯನ್ನು ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ರಾಜ್ಯದ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಬಿಡಿಸಲು ಮುಂದಾದವರು ಬೆರಳೆಣಿಕೆಯಷ್ಟು. ಉಳಿದವರು ನೋಡುತ್ತ ನಿಂತಿದ್ದರು ಎಂಬುದನ್ನು ನ್ಯಾಯಾಲಯ ಕಟುವಾಗಿ ಎತ್ತಿ ಹೇಳಿತು.

ಇದಾಗಿ ತಿಂಗಳೂ ತುಂಬಿರಲಿಲ್ಲ. 2024ರ ಜನವರಿಯಲ್ಲಿ ನಮ್ಮ ಕಿಲ್ಲಾ ಕೆರೆಯ ದಂಡೆಯಲ್ಲಿ ಕುಳಿತಿದ್ದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಯುವಕರ ಗುಂಪೊಂದು ಹಿಡಿದು ಹೊಡೆಯಿತು. ಧರ್ಮ ಬೇರೆಯಿರುವ ಪ್ರೇಮಿಗಳೆಂಬ ಊಹೆಯಿಂದ. ಅವರು ಸಂಬಂಧದಲ್ಲಿ ಅಣ್ಣ-ತಂಗಿ. ಯುವನಿಧಿಗೆ ಅರ್ಜಿ ಹಾಕಲು ಪಟ್ಟಣಕ್ಕೆ ಬಂದಿದ್ದರು.

ಇದನ್ನು ಒಂದು ಹಾಸ್ಯದ ಕಂತಿನಲ್ಲಿ ತೋರಿಸಿದ್ದರೆ "ಇದೇನು ಅತಿಯಾಯಿತು" ಎನ್ನುತ್ತಿದ್ದೆವು. ಹೊಡೆದ ಆ ಹುಡುಗರು ಯಾವ ಪ್ರೇಮದ ಹಾಸ್ಯವನ್ನು ನೋಡಿ ಕೆಟ್ಟಿದ್ದರು? ನನ್ನ ತಿಳುವಳಿಕೆಯಂತೆ, ಅವರು ಪ್ರೀತಿಯನ್ನು ನೋಡಿ ನಗುವುದನ್ನು ಕಲಿಯಲಿಲ್ಲ. ಒಂದು ಗಂಡು ಒಂದು ಹೆಣ್ಣು ಕೂಡಿ ಕುಳಿತರೆ ಅದು ಮರ್ಯಾದೆಯ ಪ್ರಶ್ನೆ, ಧರ್ಮದ ಪ್ರಶ್ನೆ, ಊರಿನ ಪ್ರಶ್ನೆ ಎಂದು ಅವರಿಗೆ ಹೇಳಿಕೊಟ್ಟವರು ನಗದೇ ಇರುವ ದೊಡ್ಡವರು. ಕಾಮಿಡಿಯ ಹುಡುಗ ಹೆಚ್ಚೆಂದರೆ ಹುಡುಗಿಯ ಅಪ್ಪನ ಚಪ್ಪಲಿಯೇಟು ತಿಂದು ಗೋಡೆ ಹಾರಿ ಓಡುತ್ತಾನೆ. ಆ ಚಪ್ಪಲಿಯೇಟಿಗೆ ನಗುವ ಊರಿನಲ್ಲಿ ಅಪ್ಪನೂ ಸ್ವಲ್ಪ ನಗೆಗೀಡಾಗುತ್ತಾನೆ, ಕೋಪ ಇಳಿಯಲು ಒಂದು ದಾರಿ ಇರುತ್ತದೆ. 2016ರಲ್ಲಿ ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಸೈರಾಟ್' ಬಂದಾಗ ಬೆಳಗಾವಿಯ ಥೇಟರುಗಳಲ್ಲಿ ಮೊದಲರ್ಧಕ್ಕೆ ಹುಡುಗರು ಸೀಟಿ ಹೊಡೆದು ಕುಣಿದರು, ಕೊನೆಯ ದೃಶ್ಯಕ್ಕೆ ಇಡೀ ಥೇಟರು ಉಸಿರು ಹಿಡಿದು ಕುಳಿತಿತ್ತು. ಸಂಗ್ಯಾ-ಬಾಳ್ಯಾದ ಆಕಾರ ಅದೇ ಅಲ್ಲವೆ? ನಮ್ಮ ನೆಲದಲ್ಲಿ ಪ್ರೇಮದ ಕಥೆ ಯಾವ ಘಳಿಗೆಯಲ್ಲಿ ನಗೆಯಿಂದ ಕೊಲೆಗೆ ಹೊರಳುತ್ತದೆ ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಅದನ್ನು ನಗೆಯ ಭಾಗದಲ್ಲಿಯೇ ಹಿಡಿದು ನಿಲ್ಲಿಸಲು ಬರುವುದಾದರೆ ಹತ್ತು ಕೆಟ್ಟ ಕಾಮಿಡಿಗಳನ್ನು ಸಹಿಸಲು ನಾನು ಸಿದ್ಧ.

ಒಂದು ಹಳೆಯ ಮಾತು. ಎಂಬತ್ತರ ದಶಕದ ಕೊನೆ. ನಾನಾಗ ಇನ್ನೂ ಹೊಸ ಮಾಸ್ತರ, ಬಿ.ಎಡ್. ಮುಗಿಸಿ ಸೇರಿ ಬಹಳ ದಿನವಾಗಿರಲಿಲ್ಲ. ಒಬ್ಬ ಹುಡುಗನ ಕಂಪಾಸ್ ಪೆಟ್ಟಿಗೆಯಲ್ಲಿ ಪ್ರೇಮಪತ್ರ ಸಿಕ್ಕಿತು. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಓದಿಸಬೇಕೆಂದರು. ನಾನು ಕನ್ನಡ ವಿಷಯದವನೆಂಬ ಅಧಿಕಾರದಿಂದ ಪತ್ರವನ್ನು ಕೇಳಿ ಪಡೆದೆ. ಒಂದೂವರೆ ಪುಟದಲ್ಲಿ ಹತ್ತೊಂಬತ್ತು ಕಾಗುಣಿತದ ತಪ್ಪು! 'ಹೃದಯ'ವನ್ನು ಮೂರು ಕಡೆ ಮೂರು ತರಹ ಬರೆದಿದ್ದ. ಕೆಂಪು ಶಾಯಿಯಲ್ಲಿ ಎಲ್ಲವನ್ನೂ ತಿದ್ದಿ, ಹತ್ತಕ್ಕೆ ಮೂರು ಅಂಕ ಹಾಕಿ, ಅವನನ್ನು ಒಬ್ಬನನ್ನೇ ಕರೆದು ಕೈಗೆ ಕೊಟ್ಟೆ. "ಮ್ಯಾಟ್ರಿಕ್ ಆದ ಮ್ಯಾಲೆ ತಪ್ಪಿಲ್ದ ಬರದು ಕೊಡಪಾ" ಎಂದೆ. ಹುಡುಗಿಯ ಹೆಸರು ಸಹೋದ್ಯೋಗಿಗಳಿಗೆ ತಿಳಿಯಲಿಲ್ಲ. ಅವಳ ಶಾಲೆ ಬಿಡಿಸುವ ಪ್ರಸಂಗ ಬರಲಿಲ್ಲ. ಪ್ರಾರ್ಥನೆಯಲ್ಲಿ ಓದಿಸಿದ್ದರೆ ಹುಡುಗನಿಗೆ ಎರಡು ದಿನದ ನಾಚಿಕೆ, ಹುಡುಗಿಗೆ ಹದಿನಾರಕ್ಕೆ ಮದುವೆ. ಈ ಲೆಕ್ಕ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದ ಎಲ್ಲರಿಗೂ ಗೊತ್ತು.

ಹೆಣ್ಣುಮಕ್ಕಳ ತಂದೆಯರಾದ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಮೊಬೈಲು ಕಸಿದುಕೊಳ್ಳುವ ಮೊದಲು ಒಂದು ಸಂಜೆ ಮಗಳ ಪಕ್ಕದಲ್ಲಿ ಕುಳಿತು ಅವಳು ಯಾವುದಕ್ಕೆ ನಗುತ್ತಾಳೆಂದು ನೋಡಿ. ನನ್ನ ಮೊಮ್ಮಗಳು ಆ 'ರೀಚಾರ್ಜ್ ಹುಡುಗಿ'ಯ ಕಂತುಗಳಿಗೆ ನಗಲೇ ಇಲ್ಲ. "ಅಜ್ಜಾ, ಇದನ್ನ ಬರದಾಂವಗ ಒಬ್ಬ ಹುಡುಗಿನೂ ಗೊತ್ತಿಲ್ಲ ಅನಸ್ತದ" ಎಂದಳು. ಯಾವ ವಿಮರ್ಶಕನೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ಆಕೆ ಬಿದ್ದು ಬಿದ್ದು ನಕ್ಕದ್ದು, ಕನ್ಯಾ ನೋಡಲು ಬಂದ ಹುಡುಗನಿಗೆ ಹುಡುಗಿಯೇ "ಅಡಗಿ ಬರ್ತದೇನ್ರಿ ನಿಮಗ? ಒಂದು ಹಾಡು ಹೇಳ್ರಿ ನೋಡೋಣ" ಎಂದು ಪರೀಕ್ಷೆ ಮಾಡಿದಾಗ. ಯಾದಿ ಮ್ಯಾಲೆ ಶಾದಿ ಮಾಡಿ ಮುಗಿಸುವ ಅವಸರದ ನಮ್ಮ ಸೀಮೆಯಲ್ಲಿ ಅಂಥ ಪ್ರಶ್ನೆ ಕೇಳಲು ಹುಡುಗಿಗೆ ಪುರುಸೊತ್ತೇ ಸಿಗುವುದಿಲ್ಲ.

ಖಾನಾಪುರದ ಹುಡುಗರೇ, ನಿಮ್ಮಲ್ಲಿ ಕೆಲವರು ವಿಡಿಯೋ ಮಾಡುತ್ತೀರೆಂದು ಬಲ್ಲೆ. ಬೆಂಗಳೂರಿನ ಕಾಫಿ ಅಂಗಡಿಯ ಪ್ರೇಮವನ್ನು ಅನುಕರಿಸುವುದನ್ನು ಬಿಡಿ. ನಿಮ್ಮ ತಾಲೂಕಿನಲ್ಲಿ ಇರುವಷ್ಟು ಸರಕು ಬೇರೆಲ್ಲಿದೆ? ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಜಾಂಬೋಟಿಯ ಆಚೆಯ ಕಾಡಿನ ಊರುಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ಪ್ರೇಮಸಂದೇಶ ಬಂದಿದೆಯೇ ಎಂದು ಮಳೆಗಾಲದಲ್ಲಿ ಕೊಡೆ ಹಿಡಿದು ದಿಬ್ಬ ಹತ್ತುವ ಹುಡುಗ, ಅದೇ ದಿಬ್ಬದ ಮೇಲೆ ಸೊಸೈಟಿಯ ಸಾಲದ ಸಂದೇಶ ನೋಡಲು ಬಂದು ನಿಂತ ಅವನ ಅಪ್ಪ, ಇದು ನಾಟಕವಲ್ಲವೆ? ಲೋಂಡಾ ನಿಲ್ದಾಣದಲ್ಲಿ ರೈಲು ಬದಲಿಸುವ ಅರ್ಧ ಗಂಟೆಯಲ್ಲಿ ಮುಗಿಯುವ ಒಂದು ಪ್ರೇಮಕಥೆ ಮಾಡಿ. ಹಲಸಿಯ ಕದಂಬರ ಗುಡಿಯನ್ನು ಹಿನ್ನೆಲೆಗೆ ಬಳಸಿದರೆ ಯಾರೂ ಬಾಡಿಗೆ ಕೇಳುವುದಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತದಿದ್ದರೆ ಸಾಕು.

ಭಾಷೆಯಂತೂ ದೇವರು ಕೊಟ್ಟ ವರ. ರಾಜಕಾರಣಿಗಳಿಗೆ ಕನ್ನಡ-ಮರಾಠಿ ಎಂದರೆ ಜಗಳ. ಖಾನಾಪುರದ ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಎರಡೂ ಸಂಸಾರ ಮಾಡುತ್ತವೆ. ನಿಮಗೆ ಒಂದು ಕಂತನ್ನು ನಾನೇ ಕೊಡುತ್ತೇನೆ. ಸವದತ್ತಿ ಕಡೆಯ ಅಚ್ಚ ಕನ್ನಡದ ಹುಡುಗ ಖಾನಾಪುರಕ್ಕೆ ನೌಕರಿಗೆ ಬಂದಿದ್ದಾನೆ. ಮರಾಠಿ ಮನೆಯ ಹುಡುಗಿಯನ್ನು ಮೆಚ್ಚಿದ್ದಾನೆ. ಆರು ತಿಂಗಳು ಧೈರ್ಯ ಕೂಡಿಸಿ ಒಂದು ದಿನ ಬಸ್ ನಿಲ್ದಾಣದಲ್ಲಿ ಕೇಳಿಯೇಬಿಡುತ್ತಾನೆ: "ನನ್ನ ಮದುವಿ ಆಗ್ತೀಯೇನು?" ಹುಡುಗಿ ನಾಚಿ, ನೆಲ ನೋಡುತ್ತ, ಮರಾಠಿಯಲ್ಲಿ "ಹೋ" ಎನ್ನುತ್ತಾಳೆ. ಅವಳ ಭಾಷೆಯಲ್ಲಿ ಅದಕ್ಕೆ 'ಹೌದು' ಎಂದರ್ಥ. ಹುಡುಗ 'ಹೋಗು' ಎಂದು ತಿಳಿದು, ಎದುರಿಗೆ ಬಂದ ಬೆಳಗಾವಿ ಬಸ್ಸು ಹತ್ತಿ ಹೋಗಿಬಿಡುತ್ತಾನೆ. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರನ್ನೊಬ್ಬರು ಹುಡುಕುವುದು, ನಡುವೆ ಎರಡೂ ಭಾಷೆ ಬಲ್ಲ ಒಬ್ಬ ಮಾವಶಿ ದೂತಿಯಾಗಿ ಎರಡೂ ಕಡೆ ಚಹಾ ಕುಡಿಯುತ್ತ ಸುದ್ದಿಯನ್ನು ತನಗೆ ಬೇಕಾದಂತೆ ತಿರುಚುವುದು, ಆರು ಕಂತಿಗೆ ಸಾಕಾಗುವಷ್ಟಿದೆ.

ಹುಡುಗಿಯ ಪಾತ್ರದ ಮಾತುಗಳನ್ನು ಹುಡುಗಿಯರಿಂದಲೇ ಬರೆಸಿರಿ. ನನ್ನ ಮೊಮ್ಮಗಳು ಪರೀಕ್ಷೆ ಮುಗಿದ ಮೇಲೆ ಸಿದ್ಧಳಿದ್ದಾಳೆ. ಚಿತ್ರೀಕರಣಕ್ಕೆ ಜಾಗ ಬೇಕಿದ್ದರೆ ತಿಳಕವಾಡಿಯ ನಮ್ಮ ಮನೆಯ ಪಡಸಾಲೆ ಹಗಲೆಲ್ಲ ಖಾಲಿ. ಮುದುಕ ಮಾವನ ಪಾತ್ರವಿದ್ದರೆ ನನ್ನನ್ನು ಕೇಳಿ. ಚಪ್ಪಲಿಯನ್ನು ನಾನೇ ತರುತ್ತೇನೆ.